ಹಳೆಯ ಚೈನ್ ಲೋಡರ್‌ನ ಆಯಿಲ್ ಮತ್ತು ಫಿಲ್ಟರ್ ಬದಲಾವಣೆ: ಸದಸ್ಯರು ಗಮನಿಸಬೇಕಾದ ಅಂಶಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಕೆರೆಯ ಹೂಳೆತ್ತಲು ದೊರೆಯುವ ಕಾಲ ಅಲ್ಪ. ನೀರು ಇಳಿದ ಮೇಲೆ ಆರಂಭವಾಗುವ ಕೆಲಸವು ಮುಂಗಾರಿನ ದೊಡ್ಡ ಮಳೆಗೆ ಮುನ್ನ ಮುಗಿಯಬೇಕು. ಟೈರಿನ ಯಂತ್ರಗಳು ಹೂತುಹೋಗುವ ಮೆತ್ತನೆಯ ಕೆರೆಯಂಗಳದಲ್ಲಿ, ತನ್ನ ಭಾರವನ್ನು ಅಗಲವಾದ ಚೈನಿನ ಮೇಲೆ ಹಂಚಿಕೊಂಡು ನಡೆಯುವ ಚೈನ್ ಲೋಡರ್ ಬಹಳ ಉಪಯುಕ್ತ. ಆದರೆ ಹಳೆಯ ಯಂತ್ರವು ಮೇ ತಿಂಗಳ ಮಧ್ಯದಲ್ಲಿ ಕೆಟ್ಟು ನಿಂತರೆ ನಷ್ಟ ಮಾಲೀಕನಿಗೆ ಮಾತ್ರವಲ್ಲ. ಆ ವರ್ಷ ಕೆರೆಯಲ್ಲಿ ನಿಲ್ಲಬೇಕಾಗಿದ್ದ ನೀರಿನ ಒಂದು ಭಾಗವೂ ಊರಿನ ಕೈತಪ್ಪುತ್ತದೆ.

ಹಳೆಯ ಚೈನ್ ಲೋಡರ್‌ಗೆ ಒಂದು ಉದಾಹರಣೆ 1970ರ ದಶಕದ ಕ್ಯಾಟರ್‌ಪಿಲ್ಲರ್ 955ಎಲ್. ಅದರಲ್ಲಿ 4 ಸಿಲಿಂಡರಿನ ಡೀಸೆಲ್ ಇಂಜಿನ್, ಟಾರ್ಕ್ ಕನ್ವರ್ಟರ್ ಸಹಿತವಾದ ಗೇರ್ ಪೆಟ್ಟಿಗೆ, ಎರಡು ಬದಿಗಳಲ್ಲಿ ಫೈನಲ್ ಡ್ರೈವ್, ಬಕೆಟ್ ಎತ್ತುವ ಹೈಡ್ರಾಲಿಕ್ ವ್ಯವಸ್ಥೆ ಇವೆ. ಕೈಪಿಡಿಯು ಹೇಳದ ಹೊರತು ಒಂದರ ಆಯಿಲನ್ನು ಮತ್ತೊಂದಕ್ಕೆ ಹಾಕುವುದು ಸಲ್ಲದು. ಗೇರ್ ಪೆಟ್ಟಿಗೆಯ ಕ್ಲಚ್ ಬಿಲ್ಲೆಗಳು ಆಯಿಲಿನಲ್ಲಿ ಮುಳುಗಿಯೇ ಕೆಲಸ ಮಾಡುವುದರಿಂದ, ಹೊಂದದ ಆಯಿಲ್ ಹಾಕಿದರೆ ಅವು ಜಾರುತ್ತವೆ, ಬಿಸಿಯಾಗಿ ಸವೆಯುತ್ತವೆ.

ಬದಲಾವಣೆಯ ಅವಧಿಯನ್ನು ತಿಂಗಳುಗಳಿಂದಲ್ಲ, ಅವರ್ ಮೀಟರಿನ ಗಂಟೆಗಳಿಂದ ಅಳೆಯಬೇಕು. ಇಂಜಿನ್ ಆಯಿಲ್ ಮತ್ತು ಅದರ ಫಿಲ್ಟರಿಗೆ 250 ಗಂಟೆ, ಹೈಡ್ರಾಲಿಕ್ ಫಿಲ್ಟರಿಗೆ 500 ಗಂಟೆ, ಗೇರ್ ಪೆಟ್ಟಿಗೆಯ ಆಯಿಲಿಗೆ 1,000 ಗಂಟೆ, ಹೈಡ್ರಾಲಿಕ್ ಆಯಿಲಿಗೆ 2,000 ಗಂಟೆ ಎಂಬುದು ಸಾಮಾನ್ಯ ರೂಢಿ. ಆಯಾ ಯಂತ್ರದ ಕೈಪಿಡಿಯ ಮಾತೇ ಅಂತಿಮ. ಧೂಳು ಹೆಚ್ಚಿದ್ದರೆ ಅವಧಿಯನ್ನು ಇನ್ನೂ ಕಡಿಮೆ ಮಾಡಬೇಕು. ದಿನಕ್ಕೆ 8 ಗಂಟೆ ದುಡಿಯುವ ಯಂತ್ರ 250 ಗಂಟೆಯನ್ನು 32ನೆಯ ದಿನವೇ ಮುಟ್ಟುತ್ತದೆ. ಅಂದರೆ ಎರಡು ತಿಂಗಳ ಹೂಳೆತ್ತುವ ಕೆಲಸದ ನಡುವೆ ಒಮ್ಮೆಯಾದರೂ ಇಂಜಿನ್ ಆಯಿಲ್ ಬದಲಾಗಲೇಬೇಕು. ಕೆಲಸ ಮುಗಿಯುವ ಹೊತ್ತಿಗೆ ಎರಡನೆಯ ಸರದಿಯೂ ಹತ್ತಿರ ಬಂದಿರುತ್ತದೆ.

ಇಲ್ಲಿಯೇ ತೊಡಕು ಹುಟ್ಟುವುದು. ಗಂಟೆಯ ಲೆಕ್ಕದ ಬಾಡಿಗೆಯಲ್ಲಿ ನಿಂತ ಯಂತ್ರಕ್ಕೆ ಹಣವಿಲ್ಲ. ಆದ್ದರಿಂದ ಮಾಲೀಕನು ಸರ್ವಿಸನ್ನು ಮುಂದೂಡುತ್ತಾನೆ. ಏರಿಯ ಮೇಲೆ ನಿಂತವರು ‘ಮಳೆ ಬರುವುದರೊಳಗೆ ಮುಗಿಸಿ’ ಎಂದು ಅವಸರಪಡಿಸಿದರೆ ಆಪರೇಟರ್ ಕೂಡ ನಿಲ್ಲಿಸುವುದಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತಂದುಕೊಂಡಂತೆ, ಅರ್ಧ ದಿನದ ಸರ್ವಿಸ್ ತಪ್ಪಿಸಿದ ಯಂತ್ರ ವಾರಗಟ್ಟಲೆ ವರ್ಕ್‌ಶಾಪ್ ಸೇರುತ್ತದೆ.

ಕೆಲಸದ ಕ್ರಮ ಹೀಗಿದೆ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟನ್ನು ನೆಲಕ್ಕೆ ಇಳಿಸಿ, ಬ್ರೇಕ್ ಹಾಕಿ, ಇಂಜಿನ್ ನಿಲ್ಲಿಸಬೇಕು. ಆಯಿಲ್ ಬೆಚ್ಚಗಿರುವಾಗ ಹೊರಬಿಟ್ಟರೆ ಕೊಳೆಯೂ ಅದರೊಡನೆ ಬರುತ್ತದೆ. ಆದರೆ ಸುಡುವಷ್ಟು ಬಿಸಿಯಿರಬಾರದು. ಹೈಡ್ರಾಲಿಕ್ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ ಒತ್ತಡವನ್ನು ಬಿಡಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ಮುಟ್ಟಲೇಬಾರದು. ಹೊಸ ಫಿಲ್ಟರಿನ ರಬ್ಬರ್ ವಾಷರಿಗೆ ಆಯಿಲ್ ಸವರಿ ಕೈಯಿಂದಲೇ ಬಿಗಿಗೊಳಿಸಬೇಕು. ಡೀಸೆಲ್ ಫಿಲ್ಟರ್ ಬದಲಿಸಿದ ಬಳಿಕ ಕೈಪಂಪಿನಿಂದ ಏರ್ ತೆಗೆಯಬೇಕು. ಏರ್ ಫಿಲ್ಟರನ್ನು ಚೈನಿಗೆ ಬಡಿದು ಧೂಳು ಕೊಡವುವ ಅಭ್ಯಾಸ ಸಲ್ಲದು. ಅದರಿಂದ ಕಾಗದ ಹರಿದು, ಧೂಳು ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ. ರೇಡಿಯೇಟರಿಗೆ ಗಡಸು ಬೋರ್‌ವೆಲ್ ನೀರು ತುಂಬಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಸೂಕ್ತ ಕೂಲೆಂಟನ್ನೇ ಬಳಸಬೇಕು.

ಹೊರಬಂದ ಆಯಿಲ್ ಯಂತ್ರದ ಒಳಗಿನ ಸ್ಥಿತಿಯನ್ನು ತಿಳಿಸುತ್ತದೆ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಹಿತ್ತಾಳೆ ಬಣ್ಣದ ಹೊಳೆಯುವ ಕಣಗಳಿದ್ದರೆ ಬೇರಿಂಗ್, ಬುಷ್ ಅಥವಾ ಕ್ಲಚ್ ಬಿಲ್ಲೆ ಸವೆಯುತ್ತಿದೆ. ಹಳೆಯ ಫಿಲ್ಟರನ್ನು ಕತ್ತರಿಸಿ ನೋಡುವ ಮೆಕ್ಯಾನಿಕ್, ಮುಂದೆ ಬರಲಿರುವ ದೊಡ್ಡ ಖರ್ಚನ್ನು ಮೊದಲೇ ಗುರುತಿಸಬಲ್ಲನು.

ಇನ್ನೊಂದು ವಿಷಯಕ್ಕೆ ಪಂಚಾಯಿತಿಯೇ ಹೊಣೆ. ಸುಟ್ಟ ಆಯಿಲನ್ನು ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವುದು, ಸೆಂಟ್ರಿಂಗ್ ಹಲಗೆಗೆ ಸವರುವುದು, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲುವುದು ಹಳ್ಳಿಗಳಲ್ಲಿ ಕಂಡುಬರುತ್ತದೆ. ಅಪಾಯಕಾರಿ ತ್ಯಾಜ್ಯಗಳ ಕುರಿತ 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಶೇಖರಿಸಿ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು. ನೀರಿಗಾಗಿ ಹೂಳೆತ್ತಿದ ಕೆರೆಯಂಗಳದಲ್ಲಿಯೇ ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ ಹರಿಸಿದರೆ, ಮಾಡಿದ ಕೆಲಸವನ್ನು ಕೈಯಾರೆ ಕೆಡಿಸಿದಂತಾಗುತ್ತದೆ. ಯಂತ್ರವನ್ನು ಏರಿಯಾಚೆಗೆ, ನೀರು ಹರಿಯದ ಗಟ್ಟಿ ನೆಲಕ್ಕೆ ಕೊಂಡೊಯ್ದೇ ಆಯಿಲ್ ಇಳಿಸಬೇಕು.

ಸದಸ್ಯರು ಸ್ಪ್ಯಾನರ್ ಹಿಡಿಯಬೇಕಾಗಿಲ್ಲ. ಬಾಡಿಗೆಯ ಕರಾರಿನಲ್ಲಿ ಆಯಿಲ್, ಫಿಲ್ಟರಿನ ವೆಚ್ಚ ಯಾರದು, ಸರ್ವಿಸ್ ಯಾವ ಗಂಟೆಗೆ ನಡೆಯಬೇಕು ಎಂಬುದನ್ನು ಬರೆಸಿದರೆ ಸಾಕು. ಯಂತ್ರ ಬಂದ ದಿನವೇ ಮೀಟರಿನ ಅಂಕಿಯನ್ನು ಲಾಗ್ ಬುಕ್ಕಿನಲ್ಲಿ ದಾಖಲಿಸಬೇಕು. ಬಿಲ್ಲಿಗೆ ಅನುಮೋದನೆ ನೀಡುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಮೀಟರ್ ಈಗ ಎಷ್ಟು ತೋರಿಸುತ್ತಿದೆ? ಆಯಿಲ್ ಮತ್ತು ಫಿಲ್ಟರನ್ನು ಯಾವ ಗಂಟೆಯಲ್ಲಿ ಬದಲಿಸಲಾಯಿತು? ಹಳೆಯ ಆಯಿಲ್ ಎಲ್ಲಿಗೆ ಹೋಯಿತು? ಈ ಮೂರಕ್ಕೂ ಲಾಗ್ ಬುಕ್ಕಿನಲ್ಲಿ ಉತ್ತರ ಸಿಕ್ಕರೆ ಯಂತ್ರವೂ ಕೆಲಸವೂ ಸರಿಯಾದ ಹಾದಿಯಲ್ಲಿವೆ ಎಂದು ತಿಳಿಯಬಹುದು. ಸರ್ವಿಸಿನ ದಿನ ಬಂದಾಗ ಯಂತ್ರ ಅರ್ಧ ದಿನ ನಿಂತರೆ ಯಾರೂ ಆಕ್ಷೇಪಿಸದಿರಲಿ ಎಂಬುದೇ ಈ ಉಪನ್ಯಾಸದ ಕೋರಿಕೆ.