ಹರಿದ ಅರಿವೆಯಲ್ಲಿ ಅರಳುವ ಕಲೆ

(ಶತಮಾನೋತ್ಸವದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ಕಲೆ ಎಂದೊಡನೆ ನಾವು ದೇವಾಲಯ, ಅರಮನೆಗಳ ಗೋಡೆಗಳತ್ತ ನೋಡುತ್ತೇವೆ. ಆದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಅದು ಹಾಸಿಗೆಯ ಜೊತೆಯಲ್ಲೇ ಮಡಿಚಿಟ್ಟಿರುತ್ತದೆ. ಅದೇ ಕೌದಿ.

ಉಟ್ಟು ಸವೆದ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಹರಿದ ಕುಪ್ಪಸ, ಹೀಗೆ ಇನ್ನಾವುದಕ್ಕೂ ಬಾರದ ಅರಿವೆಗಳನ್ನು ತಾಯಂದಿರು ಪದರುಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲುಹೊಲಿಗೆ ಹಾಕುತ್ತಾರೆ. ಇದಕ್ಕೆ ಕಾಗದದ ನಕ್ಷೆಯಿಲ್ಲ. ಕೆಂಪಿನ ಪಕ್ಕ ಹಸಿರು ಬರಬೇಕೋ ಹಳದಿಯೋ ಎಂಬುದನ್ನು ಅವರ ಕಣ್ಣೇ ತೀರ್ಮಾನಿಸುತ್ತದೆ. ತೊಳೆದು ತೊಳೆದು ಮೆತ್ತಗಾದ ನೂಲಿನ ಬಟ್ಟೆಯಾದುದರಿಂದಲೇ ಅದು ಕೂಸಿನ ತೊಟ್ಟಿಲಿಗೂ ಹಿತ.

ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಬಾಂಧವರಲ್ಲಿಯೂ ಈ ಕಲೆಯುಂಟು. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ಯಾಥೊಲಿಕರು ಮೂವರೂ ಇದ್ದಾರೆ. ಕೌದಿಯನ್ನು ಅವರು ಕವಂದಿ ಎನ್ನುತ್ತಾರೆ. ಹೊಲಿಗೆಯು ಒಂದು ಮೂಲೆಯಲ್ಲಿ ಆರಂಭವಾಗಿ, ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಕ್ಯಾಥೊಲಿಕ್ ಸ್ತ್ರೀಯರ ಕವಂದಿಯಲ್ಲಿ ಶಿಲುಬೆಯೂ ಮುಸ್ಲಿಂ ಸ್ತ್ರೀಯರದರಲ್ಲಿ ಅರ್ಧಚಂದ್ರವೂ ಕಾಣುವುದುಂಟು. ಮೂಲೆಗಳಿಗೆ ಬಟ್ಟೆ ಮಡಿಚಿ ಹೊಲಿದ 'ಹೂ'ಗಳಿಲ್ಲದಿದ್ದರೆ ಕೆಲಸ ಪೂರ್ಣವಾಯಿತೆಂದು ಅವರು ಎಣಿಸುವುದಿಲ್ಲ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ದೂರದ ದೇಶದವರು ಮೆಚ್ಚಿದರೆಂದು ಹಿಗ್ಗೋಣ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಯಾವ ಮರ್ಯಾದೆಯಿದೆ? ಯಂತ್ರದಲ್ಲಿ ತಯಾರಾದ ಹೊದಿಕೆ ಅಗ್ಗವಾಗಿ ದೊರೆಯುವಾಗ, ಅತಿಥಿಗಳು ಬಂದರೆ ಕೌದಿಯನ್ನು ಬಡತನದ ಗುರುತೆಂದು ಮರೆಮಾಡುತ್ತೇವೆ. ಕೂಲಿಗೆ ಹೊಲಿಯುವಾಕೆ ದಿನಗಟ್ಟಲೆ ಬೆನ್ನು ಬಾಗಿಸಿ ಕುಳಿತಿದ್ದರೂ, ಹಳೆಯ ಬಟ್ಟೆ ತಾನೇ ಎಂದು ಚೌಕಾಸಿ ಮಾಡುತ್ತೇವೆ. ಬಟ್ಟೆ ಹಳೆಯದಿರಬಹುದು; ಆಕೆಯ ದುಡಿಮೆ ಹೊಸದು. ಅದಕ್ಕೆ ತಕ್ಕ ಕೂಲಿ ಕೊಡದೆ ಕಲೆಯನ್ನು ಹೊಗಳಿದರೆ ಆ ಹೊಗಳಿಕೆ ಬರಿದು.

5,000 ಜನರು ಉಂಡು ತೃಪ್ತರಾದ ಮೇಲೆ ಉಳಿದ ರೊಟ್ಟಿಯ ಚೂರುಗಳನ್ನೂ ಪ್ರಭು 12 ಬುಟ್ಟಿಗಳಲ್ಲಿ ಕೂಡಿಡಿಸಿದರು. ನಮ್ಮ ತಾಯಂದಿರು ಅರಿವೆಯ ಚೂರುಗಳನ್ನು ಹಾಗೆಯೇ ಕೂಡಿಟ್ಟವರು. ಕೌದಿ ಬಲ್ಲ ಹಿರಿಯರು ಇರುವಾಗಲೇ ಮನೆಯ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಅವರ ಬಳಿ ಕುಳಿತು ಸೂಜಿ ಹಿಡಿಯಲಿ ಎಂದು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.