ಐಹೊಳೆಯ ಕವಿಯನ್ನು ಆಡಿಟ್ ಮಾಡೋಣ ಬರ್ರಿ

ಹುನಗುಂದದಿಂದ ಮಾತಾಡಾಕತ್ತೀನಿ.

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಐಹೊಳೆ ಶಾಸನ ಬರೆದವರು ಯಾರು? ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದಾಕತ್ತಿರೋರು ಈಗಾಗಲೇ ಉತ್ತರ ಹೇಳಿರ್ತೀರಿ: ರವಿಕೀರ್ತಿ. ಮುಂದಿನ ಪ್ರಶ್ನೆ. ಅಂವ ಏನು ಬರದಾನ? ಯಾಕ ಬರದಾನ? ಇಲ್ಲಿ ಬಹಳ ಮಂದಿ ಸುಮ್ಮನಾಗ್ತೀವಿ. ಯಾಕಂದ್ರ ಗೈಡ್‌ನಾಗ ಅದರ ಆಪ್ಷನ್ ಇಲ್ಲ.

ರಾಜಕೀಯ ಬರಹಗಾರರು ಅಂದ ಕೂಡಲೇ ನಮಗ ಪೇಪರಿನ ಅಂಕಣ, ಟಿವಿ ಚರ್ಚೆ ನೆನಪಾಗ್ತಾವ. ಆದ್ರ ನಮ್ಮ ತಾಲ್ಲೂಕಿನಾಗ, ಅಮೀನಗಡ ದಾಟಿ ಹೋದ್ರ ಸಿಗೋ ಐಹೊಳೆಯ ಮೇಗುತಿ ಗುಡ್ಡದ ಮ್ಯಾಲ, ಒಬ್ಬ ರಾಜಕೀಯ ಬರಹಗಾರನ ಬರಹ ಸುಮಾರು 1,390 ವರ್ಷದಿಂದ ಕಲ್ಲಿನ ಗೋಡೆಯೊಳಗ ಐತಿ. ಶಕವರ್ಷ 556, ಅಂದ್ರ ಕ್ರಿ.ಶ. 634–35. ಭಾಷೆ ಸಂಸ್ಕೃತ, 37 ಪದ್ಯಗಳು. ವಿಷಯ: ಬಾದಾಮಿಯ ಇಮ್ಮಡಿ ಪುಲಕೇಶಿ ಯಾರ್‍ಯಾರನ್ನ ಗೆದ್ದ ಅನ್ನೋದು.

ನಾ ಬಿ.ಕಾಂ. ಓದಿದಾಕಿ. ಇತಿಹಾಸ ನನ್ನ ಸಬ್ಜೆಕ್ಟ್ ಅಲ್ಲ. ಆದ್ರ ಆಡಿಟಿಂಗ್ ಪೇಪರಿನ್ಯಾಗ ಒಂದು ಮಾತು ಕಲಿಸ್ತಾರ: ಪುಸ್ತಕದಾಗ ಎಂಟ್ರಿ ಇದ್ರ ಸಾಲದು, ಅದಕ್ಕ ವೋಚರ್ ಬೇಕು. ಪಂಡಿತರು ಬರೆದ ದಪ್ಪ ದಪ್ಪ ಪುಸ್ತಕ ಓದಾಕ ಕುಂತಾಗ ನನಗ ತಿಳಿದದ್ದು, ಅವರು ಮಾಡೋದೂ ಅದೇ ಕೆಲಸ ಅಂತ. ಕವಿಯ ಎಂಟ್ರಿ ತಗೊಂಡು ವೋಚರ್ ಹುಡುಕ್ತಾರ.

ಮೊದಲನೇ ಎಂಟ್ರಿ ನೋಡ್ರಿ. ಉತ್ತರದ ಹರ್ಷವರ್ಧನನನ್ನ ಪುಲಕೇಶಿ ಸೋಲಿಸಿದ ಅಂತ ರವಿಕೀರ್ತಿ ಹೇಳ್ತಾನ. ಹೇಳೋ ರೀತಿನೂ ಚಂದ: ಹರ್ಷ ಅನ್ನೋ ಹೆಸರಿನ ಮ್ಯಾಲ ಶ್ಲೇಷೆ ಮಾಡಿ, ಭಯದಿಂದ ಅವನ ಹರ್ಷನೇ ಹೋತು ಅನ್ನೋ ಅರ್ಥ ಹುಟ್ಟಿಸ್ತಾನ. ಇದು ಖರೇನೋ, ಬರೇ ಹೊಗಳಿಕೆನೋ? ಇಲ್ಲಿ ಹೊರಗಿನ ಸಾಕ್ಷಿ ಐತಿ. ಚೀನಾದಿಂದ ಬಂದಿದ್ದ ಹ್ಯೂಯೆನ್‌ತ್ಸಾಂಗ್ ಹರ್ಷನ ಸ್ನೇಹ ಇದ್ದ ಮನುಷ್ಯ. ಅವನೂ ಹರ್ಷ ಸ್ವತಃ ಸೈನ್ಯ ತಗೊಂಡು ಹೋದರೂ ಈ ರಾಜನನ್ನ ಬಗ್ಗಿಸಾಕ ಆಗಲಿಲ್ಲ ಅಂತ ಬರೆದಿಟ್ಟಾನ. ಎದುರು ಪಾರ್ಟಿಯ ಕಡೆಯ ಮನುಷ್ಯನೇ ಒಪ್ಪಿಕೊಂಡ್ರ, ಆ ಎಂಟ್ರಿಗೆ ಟಿಕ್ ಹಾಕಬಹುದು.

ಹಂಗಾರ ಹರ್ಷನ ಆಸ್ಥಾನದ ಬಾಣಭಟ್ಟ ತನ್ನ ಹರ್ಷಚರಿತದಾಗ ಈ ಸೋಲಿನ ಬಗ್ಗೆ ಯಾಕ ಏನೂ ಬರೀಲಿಲ್ಲ? ಮುಚ್ಚಿಟ್ಟನೇನು? ಹಂಗ ಹೇಳಾಕ ಬರೂದಿಲ್ಲ. ಆ ಪುಸ್ತಕ ಹರ್ಷನ ಆಳ್ವಿಕೆಯ ಆರಂಭದಾಗೇ ನಿಂತುಬಿಡ್ತೈತಿ. ಹೇಳದೇ ಇದ್ದದ್ದನ್ನೂ ಹುಷಾರಾಗಿ ಓದಬೇಕಾಗ್ತೈತಿ.

ಎರಡನೇ ಎಂಟ್ರಿ: ಮೂರು ಮಹಾರಾಷ್ಟ್ರಕಗಳು, 99,000 ಹಳ್ಳಿಗಳು. ಇಂಥ ಸಂಖ್ಯೆ ನೋಡಿದ್ರ ಕಾಮರ್ಸ್ ಓದಿದವರಿಗೆ ತಕ್ಷಣ ಅನುಮಾನ ಬರ್ತೈತಿ. ಇದನ್ನ ಜನಗಣತಿ ಅಂತ ತಗೊಳ್ಳಾಕ ಆಗೂದಿಲ್ಲ. ರಾಜ್ಯ ಬಹಳ ದೊಡ್ಡದು ಅಂತ ಹೇಳೋ ರೀತಿ ಅದು. ಸುಳ್ಳು ಅನ್ನಬೇಕಿಲ್ಲ, ಲೆಕ್ಕ ಅಂತನೂ ಅನ್ನಬೇಕಿಲ್ಲ.

ಮೂರನೇದು ಎಲ್ಲಕ್ಕಿಂತ ದೊಡ್ಡದು. ಕಂಚಿಯ ಪಲ್ಲವ ರಾಜ ಪುಲಕೇಶಿಗೆ ಅಂಜಿ ಕೋಟೆಯ ಗೋಡೆ ಹಿಂದ ಅಡಗಿದ ಅನ್ನೋ ಅರ್ಥದ ಮಾತು ಶಾಸನದಾಗ ಐತಿ. ಆದ್ರ ಮುಂದ ಏನಾತು? ಸುಮಾರು 642ರಲ್ಲಿ ಅದೇ ಪಲ್ಲವರ ನರಸಿಂಹವರ್ಮ ಬಾದಾಮಿಗೇ ಬಂದು ಊರು ಹಿಡಿದ. ಬಾದಾಮಿಯ ಬಂಡೆ ಮ್ಯಾಲ ಅವನ ಶಾಸನನೂ ಐತಿ. ರವಿಕೀರ್ತಿಯ ಪದ್ಯ ಕಲ್ಲಿಗೇರಿ ಎಂಟು ವರ್ಷ ಆಗಿತ್ತು, ಅಷ್ಟ. ಬ್ಯಾಲೆನ್ಸ್ ಶೀಟ್ ಮ್ಯಾಲ ಒಂದು ತಾರೀಖು ಇರ್ತೈತಲ್ಲ, ಆ ದಿನದ ಮಟ್ಟಿಗೆ ಮಾತ್ರ ಅದು ಖರೆ. ಹೊಗಳಿಕೆಯ ಶಾಸನಕ್ಕೂ ಹಂಗ ಒಂದು ತಾರೀಖು ಇರ್ತೈತಿ. ನಾವು ಅದನ್ನ ಬಿಟ್ಟು, ಬರೇ ಗೆಲುವನ್ನ ಸ್ಟೇಟಸ್‌ಗೆ ಹಾಕ್ತೀವಿ.

ಇಷ್ಟೆಲ್ಲಾ ಕೇಳಿ ಕೆಲವರು ಅನ್ನಬಹುದು, ಹಂಗಾರ ರವಿಕೀರ್ತಿ ರಾಜನ ಪೇಯ್ಡ್ ಪಿಆರ್ ಅಷ್ಟ ಅಲ್ಲೇನ್ರಿ ಅಂತ. ನನಗ ಹಂಗ ಅನಸೂದಿಲ್ಲ. ಎರಡು ಕಾರಣ ಅದಾವ.

ಒಂದು, ಅಂವ ಸಂಬಂಧ ಮುಚ್ಚಿಡಲಿಲ್ಲ. ಪುಲಕೇಶಿಯ ಅನುಗ್ರಹ ಪಡೆದ ತಾನು ಈ ಜಿನಾಲಯ ಕಟ್ಟಿಸಿದೆ ಅಂತ ಅದೇ ಗೋಡೆಯೊಳಗ ಹೇಳ್ಯಾನ. ನಮ್ಮ ಭಾಷೆಯೊಳಗ ಇದಕ್ಕ ಡಿಸ್‌ಕ್ಲೋಷರ್ ಅಂತಾರ. ಇವತ್ತು ರೊಕ್ಕ ತಗೊಂಡು ಒಬ್ಬ ನಾಯಕನ ಬಗ್ಗೆ ರೀಲ್ಸ್ ಮಾಡೋರು ಎಷ್ಟು ಮಂದಿ ಹಿಂಗ ಹೇಳ್ತಾರ, ನೀವೇ ಯೋಚನೆ ಮಾಡ್ರಿ.

ಎರಡು, ಅವನ ಬರಹದಿಂದ ಉಳಿದದ್ದು ರಾಜಕೀಯ ಒಂದೇ ಅಲ್ಲ. ತನ್ನ ಕಾವ್ಯಕ್ಕ ಕಾಳಿದಾಸ, ಭಾರವಿಯರ ಕೀರ್ತಿ ಬಂದೈತಿ ಅಂತ ರವಿಕೀರ್ತಿ ಕೊನೆಗೆ ಜಂಬ ಕೊಚ್ಚಿಕೊಳ್ತಾನ. ಆ ಜಂಬನೇ ವಿದ್ವಾಂಸರಿಗೆ ಬಂಗಾರ ಆತು. ಕಾಳಿದಾಸ, ಭಾರವಿ ಯಾವಾಗ ಇದ್ದರು ಅನ್ನೋದಕ್ಕ ಗಟ್ಟಿ ತಾರೀಖು ಸಿಕ್ಕಿರಲಿಲ್ಲ. ಈ ಶಾಸನದಿಂದ ಒಂದು ಮಾತು ಖಾತ್ರಿ ಆತು: ಇಬ್ಬರೂ 634ಕ್ಕಿಂತ ಮೊದಲಿನವರು, ಅಷ್ಟೊತ್ತಿಗಾಗಲೇ ಅವರ ಹೆಸರು ಮಲಪ್ರಭಾ ದಂಡೆಯ ತನಕ ಬಂದಿತ್ತು. ಭಾರತದ ಸಾಹಿತ್ಯ ಚರಿತ್ರೆಯ ಒಂದು ಮೈಲಿಗಲ್ಲು ನಮ್ಮ ಹುನಗುಂದ ತಾಲ್ಲೂಕಿನ ಗುಡ್ಡದ ಮ್ಯಾಲ ನೆಟ್ಟೈತಿ.

ಈ ಶಾಸನ ಓದಿ ಅಚ್ಚು ಹಾಕಿದವರ ಕಥೆನೂ ಹೇಳಬೇಕು. ಜೆ. ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ ಮೊದಲು ಇದರ ಮ್ಯಾಲ ಕೆಲಸ ಮಾಡಿದ. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಪುಸ್ತಕನೇ ಬರೆದ. ಆಮ್ಯಾಲೆ ಜರ್ಮನಿಯ ಕೀಲ್‌ಹಾರ್ನ್ ‘ಎಪಿಗ್ರಾಫಿಯಾ ಇಂಡಿಕಾ’ದ ಆರನೇ ಸಂಪುಟದಲ್ಲಿ ಶಾಸನವನ್ನ ಮತ್ತ ತಿದ್ದಿ, ಅನುವಾದದ ಸಮೇತ ಪ್ರಕಟಿಸಿದ. ಕೆಲಸ ಅಲ್ಲಿಗೇ ಮುಗಿದಿಲ್ಲ. ಪುಣೆಯ ವಿದ್ವಾಂಸರು ಇತ್ತೀಚೆಗೆ ಓದಿದ 619ರ ಒಂದು ತಾಮ್ರಪಟದಿಂದ, ಹರ್ಷನ ಜೊತೆಗಿನ ಯುದ್ಧ ನಾವು ಶಾಲೆಯೊಳಗ ಓದಿದ್ದಕ್ಕಿಂತ ಬಹಳ ಮೊದಲೇ ಆಗಿತ್ತು ಅನ್ನೋ ವಾದ ಬಂದೈತಿ. ಹಳೇ ಅಕೌಂಟ್ ಮತ್ತ ಓಪನ್ ಆದಂಗ.

ಈಗ ವಿಷಯ ನಮ್ಮ ಕಾಲಕ್ಕ ಹತ್ತಿರ ಬರ್ತೈತಿ. ಇಂಥ ಪಂಡಿತರು ಶಾಸನದಿಂದ ಹೊರಗ ತಂದ ಇತಿಹಾಸವನ್ನ ಒಬ್ಬ ಮನುಷ್ಯ ಚಳವಳಿ ಮಾಡಿದರು: ಆಲೂರು ವೆಂಕಟರಾಯರು. 1880ರಲ್ಲಿ ವಿಜಯಪುರದಲ್ಲಿ ಹುಟ್ಟಿದವರು. ಆಗ ನಮ್ಮ ಹುನಗುಂದ ಸಹಿತ ಮುಂಬಯಿ ಪ್ರಾಂತದೊಳಗ ಇತ್ತು. ಕನ್ನಡ ಮಾತಾಡೋರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದರು. ‘ನಮ್ಮದೇನೈತಿ’ ಅಂತ ತಲೆ ಬಗ್ಗಿಸಿದ್ದ ಮಂದಿಗೆ 1917ರಲ್ಲಿ ಆಲೂರರು ‘ಕರ್ನಾಟಕ ಗತವೈಭವ’ ಬರೆದು ಕೊಟ್ಟರು. ಅದರೊಳಗ ಚಾಲುಕ್ಯರು ನಮ್ಮವರಾಗಿ ಎದ್ದು ನಿಂತರು.

ಆ ಪುಸ್ತಕ ತಟಸ್ಥ ಇತಿಹಾಸ ಅಲ್ಲ, ಹೆಸರೇ ಹೇಳ್ತೈತಿ. ಅದಕ್ಕೊಂದು ಉದ್ದೇಶ ಇತ್ತು: ಹರಿದದ್ದನ್ನ ಹೊಲಿಯೋದು. 1956ರಲ್ಲಿ ಏಕೀಕರಣ ಆತು. 1964ರಲ್ಲಿ ಆಲೂರರು ತೀರಿಹೋದರು, 1973ರಲ್ಲಿ ರಾಜ್ಯಕ್ಕ ಕರ್ನಾಟಕ ಅನ್ನೋ ಹೆಸರು ಬಂತು. ಅದನ್ನ ನೋಡಾಕ ಅವರು ಇರಲಿಲ್ಲ.

ನನ್ನ ಚಿಂತೆ ಇಲ್ಲಿಂದ ಶುರು ಆಗ್ತೈತಿ. ಆಲೂರರು ವೈಭವ ತೋರಿಸಿದ್ದು ಒಂದಾಗಾಕ. ಇವತ್ತು ಅದೇ ಪುಲಕೇಶಿಯ ಹೆಸರಿನ್ಯಾಗ ವಾಟ್ಸಾಪ್‌ಗೆ ಬರೋ ಫಾರ್ವರ್ಡ್‌ಗಳು ಎಷ್ಟೋ ಸಲ ಇನ್ನೊಬ್ಬರನ್ನ ಸಣ್ಣವರನ್ನಾಗಿ ಮಾಡಾಕ ಇರ್ತಾವ. ಆ ಭಾಷೆಯವರು, ಈ ಜಾತಿಯವರು ಅಂತ. ಓದಿದವರು ತಿರುಗಿ ಉತ್ತರ ಕೊಡಬೇಕಂದ್ರ ಸಾಮಾನು ಬೇಕು. ಆ ಸಾಮಾನು ವಿದ್ವಾಂಸರ ಪುಸ್ತಕದಾಗ ಐತಿ. ಅದರೊಳಗ ಬಹಳಷ್ಟು ಇಂಗ್ಲಿಷಿನ್ಯಾಗ ಐತಿ, ಅಡಿಟಿಪ್ಪಣಿ ನೋಡಿದ್ರ ತಲೆ ತಿರಗ್ತೈತಿ. ಐಹೊಳೆ ನಮ್ಮ ಮನಿ ಬಾಗಿಲಿಗೆ ಐತಿ, ಅದರ ಓದು ಮಾತ್ರ ದೂರ ಉಳಿದೈತಿ. ಇದು ಬರೇ ಪಂಡಿತರ ತಪ್ಪಲ್ಲ. ದೊಡ್ಡ ಓದನ್ನ ಸಣ್ಣ ಊರಿಗೆ ಮುಟ್ಟಿಸೋ ಕೆಲಸ ನಮ್ಮಂಥವರೂ ಮಾಡಬೇಕು. ಈ ಪಾಡ್‌ಕಾಸ್ಟ್ ಮಾಡಾಕ ನನಗಿರೋ ಕಾರಣನೂ ಅದೇ.

ಹಂಗಾಗಿ ಒಂದು ಕೆಲಸ ಹೇಳ್ತೀನಿ. ಎಪಿಗ್ರಾಫಿಯಾ ಇಂಡಿಕಾದ ಹಳೇ ಸಂಪುಟಗಳು ಇಂಟರ್ನೆಟ್ಟಿನ್ಯಾಗ ಪುಕ್ಕಟೆ ಸಿಗ್ತಾವ. ಆರನೇ ಸಂಪುಟ ಫೋನಿಗೆ ಇಳಿಸ್ಕೊಳ್ರಿ, ರಜಾ ದಿನ ಮೇಗುತಿ ಗುಡ್ಡ ಹತ್ರಿ, ಪೂರ್ವದ ಗೋಡೆ ಮುಂದ ನಿಂತು ಅನುವಾದ ಓದ್ರಿ. ಬರೆದಂವ ಯಾರ ಆಶ್ರಯದಾಗ ಇದ್ದ, ಯಾವ ದಿನ ಬರೆದ, ಅವನ ಮಾತಿಗೆ ಹೊರಗಿನ ಸಾಕ್ಷಿ ಎಲ್ಲೈತಿ ಅಂತ ಕೇಳ್ರಿ. ಅದೇ ಪ್ರಶ್ನೆನ ನಿಮ್ಮ ಗ್ರೂಪಿಗೆ ಬರೋ ಮುಂದಿನ ಫಾರ್ವರ್ಡ್‌ಗೂ ಕೇಳ್ರಿ. ನನ್ನ ಎಪಿಸೋಡಿಗೂ ಕೇಳ್ರಿ, ಬ್ಯಾಸರ ಇಲ್ಲ.

ಮುಂದಿನ ವಾರ ರಾಜರನ್ನ ಬಿಟ್ಟು ಹಲಗಲಿಗೆ ಹೋಗೋಣ. ಬೇಡರ ದಂಗೆಯ ಲಾವಣಿಯನ್ನ ಬರೆದು ಉಳಿಸಿದವನೂ ಇದೇ ಫ್ಲೀಟ್. ಆ ಹಾಡಿಗೆ ಯಾವ ರಾಜನೂ ರೊಕ್ಕ ಕೊಟ್ಟಿರಲಿಲ್ಲ. ಅಲ್ಲೀತನಕ ಆರಾಮ ಇರ್ರಿ. ಬರ್ತೀನಿ.