ಗುಡ್‌ವಿಲ್ ನಾವೇ ಬರ್ಕೊಳ್ಳೋ ಹಾಗಿಲ್ಲ: ಮೆಚ್ಚಿದ ಲೇಖಕರ ವೆಬ್‌ಸೈಟ್‌ನಿಂದ ಏನು ಕಲೀಬಹುದು?

ಹುಣಸೂರಿನಿಂದ ನಿಮ್ಮ ಜೊತೆ ಮಾತಾಡ್ತಾ ಇದ್ದೀನಿ. ಪಿರಿಯಾಪಟ್ಟಣದ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿರೋರು, ಕೆ.ಆರ್. ನಗರದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿರೋರು, ಎಚ್.ಡಿ. ಕೋಟೆಯಲ್ಲಿ ನೆಟ್‌ವರ್ಕ್ ಸಿಕ್ಕಾಗ ಡೌನ್‌ಲೋಡ್ ಮಾಡ್ಕೊಂಡು ಕೇಳ್ತಿರೋರು, ಎಲ್ರಿಗೂ ಸ್ವಾಗತ.

ಇವತ್ತಿನ ವಿಷಯ ಕೋಟೆ ಕಡೆಯ ಕೇಳುಗರೊಬ್ಬರು ಕಳಿಸಿದ ಪ್ರಶ್ನೆ. ಅವರು ಕಥೆ ಬರೀತಾರೆ. ಸ್ವಂತ ದುಡ್ಡಲ್ಲಿ 500 ಪ್ರತಿ ಅಚ್ಚು ಹಾಕಿಸಿದ್ದಾರೆ. ಬಿಡುಗಡೆ ಆಯ್ತು, ಶಾಲು ಹಾಕಿದ್ರು, ಫೋಟೋ ತೆಗೆದ್ರು. ಈಗ 300 ಪ್ರತಿ ಮಂಚದ ಕೆಳಗಿದೆ. "ಎಲ್ರೂ ಬ್ರ್ಯಾಂಡಿಂಗ್ ಮಾಡ್ಕೊಳ್ಳಮ್ಮ ಅಂತಾರೆ. ಹಾಗಂದ್ರೇನು? ಯಾರ ಹತ್ರ ಕಲೀಲಿ? ಎರಡನೇ ಪುಸ್ತಕ ಬರೀಲೋ ಬೇಡ್ವೋ?" ಅಂತ ಕೇಳಿದ್ದಾರೆ.

ಕೊನೇ ಪ್ರಶ್ನೆ ಇದ್ಯಲ್ಲ, ಅದಕ್ಕೋಸ್ಕರವೇ ಈ ಎಪಿಸೋಡ್. ಪುಸ್ತಕ ಚೆನ್ನಾಗಿಲ್ಲ ಅಂತ ಯಾರೂ ಹೇಳಿಲ್ಲ. ಓದೋರಿಗೆ ಅದು ಸಿಕ್ಕೇ ಇಲ್ಲ. ಅಷ್ಟಕ್ಕೇ ಒಬ್ಬರು ಬರೆಯೋದು ನಿಲ್ಲಿಸಿದ್ರೆ ನಷ್ಟ ನಮ್ಮದು.

ಮೊದಲು ಬ್ರ್ಯಾಂಡ್ ಅನ್ನೋ ಪದ. ನಾನು ಬಿ.ಕಾಂ. ಓದಿದವನು, ನನಗೆ ಗೊತ್ತಿರೋ ಭಾಷೇಲಿ ಹೇಳ್ತೀನಿ. ಒಂದು ಅಂಗಡಿಯ ಕಟ್ಟಡ, ಸ್ಟಾಕು, ನಗದು ಎಲ್ಲ ಪಕ್ಕಕ್ಕಿಟ್ಟ ಮೇಲೂ ಅದರ ಹೆಸರಿಗೆ ಅಂತ ಒಂದು ಬೆಲೆ ಉಳಿಯುತ್ತೆ. ಅದಕ್ಕೆ ಗುಡ್‌ವಿಲ್ ಅಂತಾರೆ. ಅದರ ಬಗ್ಗೆ ಒಂದು ನಿಯಮ ಇದೆ, ಅಕೌಂಟಿಂಗ್ ಸ್ಟ್ಯಾಂಡರ್ಡ್ 26. ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನ ಆಸ್ತಿ ಅಂತ ಬ್ಯಾಲೆನ್ಸ್ ಶೀಟಲ್ಲಿ ತೋರಿಸೋ ಹಾಗಿಲ್ಲ. ಬೇರೆಯವರು ಬೆಲೆ ಕೊಟ್ಟು ಕೊಂಡಾಗ ಮಾತ್ರ ಅದು ಪುಸ್ತಕಕ್ಕೆ ಏರುತ್ತೆ.

ಬರಹಗಾರರಿಗೂ ಇದೇ ನಿಯಮ. ನಮ್ಮ ವೆಬ್‌ಸೈಟಲ್ಲಿ ನಾವೇ "ಖ್ಯಾತ ಸಾಹಿತಿ", "ಬಹುಮುಖ ಪ್ರತಿಭೆ" ಅಂತ ಬರ್ಕೊಂಡ್ರೆ ಓದುಗ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಆ ಮಾತು ಅವನೇ ಹೇಳ್ಬೇಕು. ಅವನು ಹೇಳೋ ಹಾಗೆ ದಾರಿ ಸುಗಮ ಮಾಡಿಕೊಡೋದು ಅಷ್ಟೇ ನಮ್ಮ ಕೆಲಸ.

ಹಾಗಾದ್ರೆ ಕಲಿಯೋದು ಹೇಗೆ? ನಿಮಗೆ ಇಷ್ಟವಾದ ಮೂವರು ಲೇಖಕರ ವೆಬ್‌ಸೈಟ್ ತೆಗೀರಿ. ಒಬ್ಬರು ಕನ್ನಡದವರು, ಒಬ್ಬರು ಭಾರತದ ಬೇರೆ ಭಾಷೆಯವರು, ಒಬ್ಬರು ಹೊರದೇಶದವರು ಇರಲಿ. ಮೊಬೈಲಲ್ಲೇ ನೋಡಿ, ನಿಮ್ಮ ಓದುಗರೂ ಮೊಬೈಲಲ್ಲೇ ನೋಡೋದು. ಬಣ್ಣ, ಅಕ್ಷರ ವಿನ್ಯಾಸ ಬಿಡಿ. ಒಂದು ನೋಟ್‌ಬುಕ್ ಇಟ್ಕೊಂಡು ಐದು ಪ್ರಶ್ನೆ ಕೇಳಿ.

ಮೊದಲನೇ ಪ್ರಶ್ನೆ: ಹೆಸರು ಹೇಗಿದೆ?

ಈ ವಿದ್ಯೆ ಕನ್ನಡದವರಿಗೆ ಹೊಸದಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಮೂರಕ್ಷರದ ಕುವೆಂಪು ಆದ್ರು. ರಾಯಸಂ ಭೀಮಸೇನರಾವ್ ಬೀಚಿ ಆದ್ರು. ಅವರು ಸಹಿ ಮಾಡ್ತಿದ್ದದ್ದು ಹೇಗೆ ಗೊತ್ತಾ? 'ಬೀ' ಕನ್ನಡ ಅಕ್ಷರ, 'ಚಿ' ಇಂಗ್ಲಿಷ್ ಅಕ್ಷರ. ಇವತ್ತಿನ ಭಾಷೇಲಿ ಅದನ್ನ ಲೋಗೋ ಅಂತೀವಿ. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಸುಬ್ರಹ್ಮಣ್ಯರಾಜೇ ಅರಸು ಅವರು 'ಚದುರಂಗ' ಅಂತ ಹೆಸರಿಟ್ಟುಕೊಂಡ್ರು. 1916ರಲ್ಲಿ ಹುಟ್ಟಿದವರು. 'ಸರ್ವಮಂಗಳಾ', 'ಉಯ್ಯಾಲೆ' ಬರೆದ್ರು. 'ವೈಶಾಖ' ಕಾದಂಬರಿಗೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಪದ, ಒಮ್ಮೆ ಕೇಳಿದ್ರೆ ಮರೆಯಲ್ಲ.

ಆದ್ರೆ ಈಗ ಫೋನಲ್ಲಿ ಬರೀ 'ಚದುರಂಗ' ಅಂತ ಹುಡುಕಿ ನೋಡಿ. ಆನೆ, ಕುದುರೆ, ಕಾಲಾಳು ಎಲ್ಲ ಸಾಲಾಗಿ ಬರುತ್ವೆ, ಲೇಖಕರನ್ನ ಆ ಗುಂಪಲ್ಲಿ ಹುಡುಕಬೇಕು. ಪುಸ್ತಕದ ಅಂಗಡಿಯ ಕಾಲಕ್ಕೆ ಅದ್ಭುತವಾಗಿದ್ದ ಹೆಸರು ಸರ್ಚ್ ಕಾಲದಲ್ಲಿ ಬೇರೆ ಪರೀಕ್ಷೆ ಎದುರಿಸುತ್ತೆ. ಅದಕ್ಕೇ ಕಾವ್ಯನಾಮ ಇಡೋ ಮುಂಚೆ ಒಮ್ಮೆ ಹುಡುಕಿ ನೋಡಿ. ಸಾಮಾನ್ಯ ಪದ ಆದ್ರೆ ಊರಿನ ಹೆಸರೋ ಇನಿಷಿಯಲ್ಲೋ ಜೊತೆಗೆ ಸೇರಿಸಿ.

ಇಂಗ್ಲಿಷ್ ಸ್ಪೆಲಿಂಗ್ ಇನ್ನೊಂದು ತಲೆನೋವು. ದೇವನೂರ, ದೇವನೂರು, ದೇವನೂರ್, ಹೀಗೆ ಒಂದೇ ಹೆಸರನ್ನ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ನಿಮ್ಮ ಹೆಸರಿಗೆ ಒಂದೇ ಸ್ಪೆಲಿಂಗ್ ನಿರ್ಧಾರ ಮಾಡಿ. ಪುಸ್ತಕದ ಮೇಲೆ, ಇನ್‌ಸ್ಟಾಗ್ರಾಂನಲ್ಲಿ, ಮೇಲ್ ಐಡಿಯಲ್ಲಿ ಅದೇ ಇರಲಿ. ಸೈಟಲ್ಲಿ ಕನ್ನಡ ಲಿಪಿಯಲ್ಲೂ ಇರಲಿ, ಇಂಗ್ಲಿಷಲ್ಲೂ ಇರಲಿ.

ಎರಡನೇ ಪ್ರಶ್ನೆ: ಇವರು ಏನು ಬರೀತಾರೆ ಅಂತ ಹತ್ತು ಸೆಕೆಂಡಲ್ಲಿ ಗೊತ್ತಾಗುತ್ತಾ?

ತೇಜಸ್ವಿ ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ಮೂಡಿಗೆರೆ, ಕಾಡು, ಹಕ್ಕಿ, ಮೀನಿನ ಗಾಳ. ಅದು ಅವರು ಬರೆಸಿದ ಸ್ಲೋಗನ್ ಅಲ್ಲ, ಪುಸ್ತಕಗಳಿಂದ ತಾನಾಗೇ ಬಂದದ್ದು. ನಿಮ್ಮ ಒಂದು ವಾಕ್ಯವೂ ನಿಮ್ಮ ಪುಟಗಳಿಂದಲೇ ಬರ್ಬೇಕು. "ಮಾನವೀಯ ಮೌಲ್ಯಗಳ ಲೇಖಕಿ" ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ. "ನಾಗರಹೊಳೆ ಅಂಚಿನ ಹಾಡಿಗಳ ಕಥೆ ಬರೀತೀನಿ" ಅಂದ್ರೆ ಕೇಳಿದವನು ಕತ್ತೆತ್ತಿ ನೋಡ್ತಾನೆ.

ಮೂರನೇ ಪ್ರಶ್ನೆ: ಅಲ್ಲೇ ಓದೋಕೆ ಏನಾದ್ರೂ ಇದ್ಯಾ?

ನಮ್ಮ ಕಡೆಯವರಿಗೆ ಇದನ್ನ ವಿವರಿಸೋದು ಸುಲಭ. ಹೊಗೆಸೊಪ್ಪಿನ ಹರಾಜು ನೋಡಿದ್ದೀರಲ್ಲ, ಚಿಲ್ಕುಂದದಲ್ಲೋ ಕಂಪಲಾಪುರದಲ್ಲೋ. ಬೇಲ್‌ಗಳು ಸಾಲಾಗಿ ಇರುತ್ವೆ. "ನನ್ನ ಸೊಪ್ಪು ಬಹಳ ಚೆನ್ನಾಗಿದೆ" ಅಂತ ರೈತ ಕೂಗಿದ್ರೆ ಬೆಲೆ ಏರಲ್ಲ. ಕೊಳ್ಳೋನು ಎಲೆ ಮುಟ್ಟಿ, ಬಣ್ಣ ನೋಡಿ ಆಮೇಲೆ ಬೆಲೆ ಹೇಳ್ತಾನೆ. ನಿಮ್ಮ ಸೈಟಲ್ಲಿ ಮುಟ್ಟಿ ನೋಡೋ ಎಲೆ ಎಲ್ಲಿದೆ? ಬರೀ ಮುಖಪುಟ, ಬಿಡುಗಡೆ ಸಮಾರಂಭದ ಫೋಟೋ ಸಾಕಾಗಲ್ಲ. ನಿಮ್ಮ ಅತ್ಯುತ್ತಮ ಕಥೆ ಒಂದನ್ನ ಪೂರ್ತಿ ಹಾಕಿ.

ಇಲ್ಲೊಂದು ತಾಂತ್ರಿಕ ವಿಷಯ. ನಮ್ಮಲ್ಲಿ ಎಷ್ಟೋ ಜನರ ಕಥೆ ಈಗಲೂ ನುಡಿಯ ಹಳೇ ಫಾಂಟಲ್ಲಿ, ಯೂನಿಕೋಡ್ ಅಲ್ಲದ ಫೈಲಲ್ಲಿ ಇದೆ. ಡಿಟಿಪಿಯವರು ಕೊಟ್ಟಿದ್ದು ಅದೇ. ಅದನ್ನ ನೇರವಾಗಿ ವೆಬ್‌ಗೆ ಹಾಕಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ವೆ. ಹಾಗಂತ ಪುಟದ ಫೋಟೋ ಹೊಡೆದು ಹಾಕಿದ್ರೆ ಕಣ್ಣಿಗೆ ಕನ್ನಡ, ಆದ್ರೆ ಹುಡುಕಿದ್ರೆ ಸಿಗೋ ಖಾತ್ರಿ ಇಲ್ಲ. ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ವೆ. ಒಂದು ಭಾನುವಾರ ಕೂತು ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಸರಿ ಇದ್ಯಾ ಅಂತ ಓದಿ ನೋಡಿ. ಲೋಗೋ ಮಾಡಿಸೋದಕ್ಕಿಂತ ಇದು ಹತ್ತು ಪಟ್ಟು ಉಪಯೋಗ.

ನಾಲ್ಕನೇ ಪ್ರಶ್ನೆ: ಪುಸ್ತಕ ಎಲ್ಲಿ ಸಿಗುತ್ತೆ?

ಗಳಗನಾಥರ ಹೆಸರು ಕೇಳಿರ್ತೀರಿ. 1869ರಲ್ಲಿ ಹುಟ್ಟಿದ ಕಾದಂಬರಿಕಾರರು. ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅಂತ ಇವತ್ತಿಗೂ ಜನ ನೆನೀತಾರೆ. ಕುವೆಂಪು ಅವರ ಪುಸ್ತಕಗಳು ಬಂದದ್ದು 'ಉದಯರವಿ' ಪ್ರಕಾಶನದಿಂದ, ಅದು ಮೈಸೂರಿನ ಅವರ ಮನೆಯ ಹೆಸರೇ. ನಮ್ಮ ಕಾಲಕ್ಕೆ ಬಂದ್ರೆ ವಸುಧೇಂದ್ರ. ಸಾಫ್ಟ್‌ವೇರ್ ಕೆಲಸದಲ್ಲಿದ್ದವರು 'ಛಂದ ಪುಸ್ತಕ' ಕಟ್ಟಿದ್ರು. ತಮ್ಮದಷ್ಟೇ ಅಲ್ಲ, ಹೊಸಬರ ಮೊದಲ ಕಥಾಸಂಕಲನಗಳನ್ನೂ ತಂದ್ರು. ಹಾಗಾಗಿ 'ಛಂದ' ಅನ್ನೋ ಹೆಸರು ನೋಡಿದ್ರೆ, ಲೇಖಕ ಯಾರು ಅಂತ ಗೊತ್ತಿಲ್ದಿದ್ರೂ ಪುಸ್ತಕ ಕೈಗೆತ್ತಿಕೊಳ್ಳೋರಿದ್ದಾರೆ. ಗುಡ್‌ವಿಲ್ ಅಂದ್ರೆ ಇದು.

ಈ ಮೂವರೂ ಬೇರೆ ಬೇರೆ ಕಾಲದವರು. ಆದ್ರೆ ಓದುಗನಿಗೂ ಪುಸ್ತಕಕ್ಕೂ ನಡುವಿನ ದೂರ ಕಡಿಮೆ ಮಾಡಿದ್ದಾರೆ. ನಿಮ್ಮ ಪುಟದಲ್ಲಿ ಪುಸ್ತಕದ ಬೆಲೆ, ಅಂಚೆ ಖರ್ಚು, ಯುಪಿಐ ಮೂಲಕ ಹೇಗೆ ಕಳಿಸೋದು, ಎಷ್ಟು ದಿನಕ್ಕೆ ತಲುಪುತ್ತೆ, ಇಷ್ಟು ಬರೆದ್ರೆ ಸಾಕು. ಆರ್ಡರ್ ತಗೊಳ್ಳೋಕೆ ಬೇರೆ ವಾಟ್ಸ್‌ಆ್ಯಪ್ ನಂಬರ್ ಇಡಿ. ಮನೆ ವಿಳಾಸ, ಸ್ವಂತ ನಂಬರ್ ಹಾಕ್ಬೇಡಿ, ಅದರಲ್ಲೂ ಹೆಣ್ಣುಮಕ್ಕಳು.

ಐದನೇ ಪ್ರಶ್ನೆ: ಸೈಟಲ್ಲಿ ಜೀವ ಇದ್ಯಾ?

ಜಪಾನಿನ ಹರುಕಿ ಮುರಕಾಮಿ 2015ರಲ್ಲಿ ಒಂದು ತಾತ್ಕಾಲಿಕ ಸೈಟ್ ತೆರೆದು ಪ್ರಶ್ನೆ ಕೇಳಿ ಅಂದ್ರು. ಸಾವಿರಾರು ಪತ್ರ ಬಂದ್ವು. ಮೂರು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಕೊಟ್ರು, ಆಮೇಲೆ ಸೈಟ್ ಮುಚ್ಚಿದ್ರು. ಇಡೀ ವರ್ಷ ಆನ್‌ಲೈನಲ್ಲಿ ಇರ್ಬೇಕು ಅಂತೇನಿಲ್ಲ, ಇದ್ದಷ್ಟು ದಿನ ನಿಜವಾಗಿ ಇರಿ.

ಇನ್ನೊಂದು ಕಡೆ 'ಗೇಮ್ ಆಫ್ ಥ್ರೋನ್ಸ್' ಜಾರ್ಜ್ ಆರ್. ಆರ್. ಮಾರ್ಟಿನ್. ಅವರ ಬ್ಲಾಗಿನ ಹೆಸರೇ 'ನಾಟ್ ಎ ಬ್ಲಾಗ್'. ಹೆಸರಲ್ಲೇ ಮನುಷ್ಯನ ತಮಾಷೆ ಗೊತ್ತಾಗುತ್ತೆ. ಆದ್ರೆ ಆ ಸರಣಿಯ ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದರ ಗಡುವು ತಪ್ಪಿದೆ ಅಂತ 2016ರ ಜನವರಿಯಲ್ಲಿ ಅಲ್ಲೇ ಬರೆದ್ರು. ಅಷ್ಟು ದೊಡ್ಡ ಹೆಸರಿಗೂ ಓದುಗ ದಿನ ಎಣಿಸ್ತಾನೆ. ಹಾಗಾಗಿ ಪುಸ್ತಕ ಕೈಗೆ ಬರೋ ಮುಂಚೆ "ಶೀಘ್ರದಲ್ಲೇ ಬರಲಿದೆ" ಅಂತ ಹಾಕ್ಬೇಡಿ. ಮೂರು ವರ್ಷದ ಹಿಂದಿನ "ಶೀಘ್ರದಲ್ಲೇ" ನೋಡಿದೋರು ವಾಪಸ್ ಹೋಗ್ತಾರೆ.

ಈಗ ಎಲ್ಲರೂ ಕೇಳೋ ಅನುಮಾನ. ಬರಹಗಾರ ಬರೀಬೇಕಾ, ಅಂಗಡಿ ಇಡ್ಬೇಕಾ? ನಮ್ಮದೇ ಮೈಸೂರು ಜಿಲ್ಲೆಯ ದೇವನೂರ ಮಹಾದೇವ ಬರೆದ ಕಥೆ, ಕಾದಂಬರಿ ಎಲ್ಲ ಸೇರಿಸಿದ್ರೂ ಪುಟ ಕಮ್ಮಿಯೇ. ಆದ್ರೂ 'ಒಡಲಾಳ', 'ಕುಸುಮಬಾಲೆ' ಓದಿದವರು ಅವರ ಹೆಸರು ಮರೆಯಲ್ಲ. ಬರವಣಿಗೆ ಗಟ್ಟಿ ಇಲ್ದಿದ್ರೆ ಯಾವ ವೆಬ್‌ಸೈಟೂ ಕಾಪಾಡಲ್ಲ, ಒಪ್ತೀನಿ. ಆದ್ರೆ ಗಟ್ಟಿ ಬರವಣಿಗೆ ಮಂಚದ ಕೆಳಗೇ ಉಳಿಯೋದು ಏನು ನ್ಯಾಯ?

ಬಾನು ಮುಷ್ತಾಕ್ ಅವರನ್ನ ನೋಡಿ. ಕೆ.ಆರ್. ನಗರ ದಾಟಿದ್ರೆ ಸಿಗೋದು ಹಾಸನ ಜಿಲ್ಲೆ, ಅವರು ಅಲ್ಲಿಯವರು. ಪಿರಿಯಾಪಟ್ಟಣ, ಕುಶಾಲನಗರ ದಾಟಿದ್ರೆ ಮಡಿಕೇರಿ, ಅವರ ಕಥೆಗಳನ್ನ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅಲ್ಲಿಯವರು. ಮೂರು ದಶಕದಲ್ಲಿ ಬರೆದ ಕಥೆಗಳಿಂದ ಆರಿಸಿದ 12 ಕಥೆಗಳ 'ಹಾರ್ಟ್ ಲ್ಯಾಂಪ್' 2025ರ ಮೇನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಗೆದ್ದಿತು. ಕಥೆಗಳು ಮೊದಲೇ ಇದ್ವು. ಹೊಸ ಓದುಗರಿಗೆ ದಾರಿ ಆಮೇಲೆ ಆಯ್ತು. ಎಲ್ರಿಗೂ ಬುಕರ್ ಬರಲ್ಲ, ಬೇಕಾಗೂ ಇಲ್ಲ. ಆದ್ರೆ ಮೈಸೂರಿನ ಕಾಲೇಜಲ್ಲಿರೋ ಒಂದು ಹುಡುಗಿ ನಿಮ್ಮ ಹೆಸರು ಕೇಳಿ ಫೋನ್ ತೆಗೆದ್ರೆ, ನೀವು ಸಿಗ್ಬೇಕು.

ಖರ್ಚಿನ ಬಗ್ಗೆ ಹೆದರ್ಬೇಡಿ. ಬ್ಲಾಗರ್, ವರ್ಡ್‌ಪ್ರೆಸ್, ಗೂಗಲ್ ಸೈಟ್ಸ್‌ನಲ್ಲಿ ಒಂದು ಪುಟ ಉಚಿತವಾಗಿ ಮಾಡ್ಬಹುದು. ಫೋಟೋ ಸಣ್ಣದಿರಲಿ, ನೆಟ್‌ವರ್ಕ್ ಮಂದ ಇರೋ ಊರಲ್ಲೂ ತೆರೀಬೇಕು. ಸ್ವಂತ ಹೆಸರಿನ ವಿಳಾಸ ಬೇಕಾದ್ರೆ ಆಮೇಲೆ ತಗೊಳ್ಳಿ, ಆದ್ರೆ ಪ್ರತಿ ವರ್ಷ ನವೀಕರಿಸೋ ದುಡ್ಡು ಈಗಲೇ ಲೆಕ್ಕ ಹಾಕಿಡಿ. ಅದು ಬಂಡವಾಳ ಅಲ್ಲ, ವರ್ಷ ವರ್ಷ ಬರೋ ಖರ್ಚು.

ಕೋಟೆಯ ಆ ಕೇಳುಗರಿಗೆ ನನ್ನ ಉತ್ತರ: ಎರಡನೇ ಪುಸ್ತಕ ಖಂಡಿತ ಬರೀರಿ ಅಕ್ಕ. ಅದಕ್ಕೆ ಮುಂಚೆ ಮೊದಲ ಪುಸ್ತಕದ ಒಂದು ಕಥೆಗೆ ಬೆಳಕು ತೋರಿಸಿ.

ಉಳಿದೋರಿಗೆ ಈ ವಾರದ ಹೋಂವರ್ಕ್. ಮೂರು ಸೈಟ್, ಐದು ಪ್ರಶ್ನೆ, ಒಂದು ಪುಟ ನೋಟ್ಸ್. ಆಮೇಲೆ ನಿಮ್ಮ ಬಗ್ಗೆ ಮೂರು ವಾಕ್ಯ ಬರೀರಿ. ಅದರಲ್ಲಿ ಒಂದೇ ಒಂದು ಹೊಗಳಿಕೆಯ ಪದ ಇರ್ಬಾರ್ದು. ಬರೆದದ್ದನ್ನ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಎಪಿಸೋಡಲ್ಲಿ ಒಟ್ಟಿಗೆ ಕೇಳೋಣ. ಬರ್ತೀನಿ, ನಮಸ್ಕಾರ.